ಭಾವಮೈದುನನ ಖಾತೆ

ಪರದೇಶಕ್ಕೆ ಬಂದಾಗಿನಿಂದ ಆ ಪೀಠೋಪಕರಣದ ಗೋದಾಮನ್ನು ಹೆಗಲ ಮೇಲೆ ಹೊತ್ತವನು ತಾನು. ಯಜಮಾನ ಪಾಲು ಕೊಟ್ಟದ್ದು ಮಾತ್ರ ನಿನ್ನೆ ಮೊನ್ನೆ ಬಂದ ಅಳಿಯನಿಗೆ. ಮ್ಯಾನೇಜರನಿಗೆ ಹೊಟ್ಟೆ ಉರಿದುಹೋಯಿತು. ಸರಿ, ಕೊಡದಿದ್ದರೆ ಬೇಡ, ತಾನೇ ತೆಗೆದುಕೊಂಡರಾಯಿತು!

ರಟ್ಟಿನ ಪೆಟ್ಟಿಗೆ ಪೂರೈಸುವವನೊಬ್ಬನನ್ನು ಅವನು ತಲೆಯೊಳಗೇ ಹುಟ್ಟಿಸಿದ. ಬಾರದ ಪೆಟ್ಟಿಗೆಗಳಿಗೆ ಬಿಲ್ಲು ಬರೆಯುವುದು ನೀರು ಕುಡಿದಷ್ಟು ಸುಲಭ. ಆದರೆ ದುಡ್ಡು ಬೀಳಲು ಖಾತೆ ಬೇಕು, ತನ್ನ ಹೆಸರಂತೂ ಸಲ್ಲ. ಅದಕ್ಕೇ ಇದ್ದನಲ್ಲ, ಗೋದಾಮಿನಲ್ಲಿ ಸೋಫಾ ಹೊರುವ ಭಾವಮೈದುನ! ಇಲ್ಲಿನ ಭಾಷೆಯ ಒಂದಕ್ಷರ ಬಾರದವನು, ಸಂಬಳವನ್ನು ಕೈಯಲ್ಲೇ ಎಣಿಸಿಕೊಳ್ಳುವವನು.

ಬ್ಯಾಂಕಿನಲ್ಲಿ ಕೌಂಟರಿನ ಹುಡುಗಿ ಕೇಳಿದ್ದಕ್ಕೆಲ್ಲ ಮ್ಯಾನೇಜರನೇ ಉತ್ತರಿಸಿದ. ಭಾವಮೈದುನ ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

“ಏನಂತೆ ಭಾವ?”

“ಏನಿಲ್ಲ ಕಣೋ. ಇಲ್ಲಿರೋರಿಗೆಲ್ಲ ಅಕೌಂಟ್ ಇರ್ಬೇಕಂತೆ. ಸುಮ್ನೆ ಸೈನ್ ಹಾಕು.”

“ನೀವಿದ್ದೀರಲ್ಲ, ನಂಗೇನು ಭಯ?”

ಅವನು ನಾಲಿಗೆ ಕಚ್ಚಿಕೊಂಡು ಸಹಿ ಮಾಡಿದ. ಕಾರ್ಡು ಮ್ಯಾನೇಜರನ ಜೇಬು ಸೇರಿತು.

ಇಲ್ಲದ ಪೆಟ್ಟಿಗೆಗಳ ದುಡ್ಡು ತಿಂಗಳು ತಿಂಗಳೂ ಆ ಖಾತೆಗೆ ಹೋಗಿ ಬಿತ್ತು. ಮ್ಯಾನೇಜರನು ಒಂದು ಕಾಸನ್ನೂ ಮುಟ್ಟಲಿಲ್ಲ. ದಡ್ಡ ಕಳ್ಳರು ಅವಸರಪಟ್ಟು ಸಿಕ್ಕಿಬೀಳುತ್ತಾರೆ, ತಾನೇನು ಅಂಥವನೇ? ಮೊದಲು ಸಾಕ್ಷಿಯನ್ನು ಸಾಗಹಾಕಬೇಕು. “ಸೊಂಟನೋವು ಅಂತೀಯಲ್ಲ, ಊರಿಗೆ ಹೋಗಿ ಆರಾಮಾಗಿರು” ಎಂದು ಭಾವಮೈದುನನಿಗೆ ಟಿಕೆಟ್ ತೆಗೆದುಕೊಟ್ಟ. ಕಚೇರಿ ಕಚೇರಿ ಅಲೆದು ಅವನ ವೀಸಾವನ್ನೂ ತಾನೇ ರದ್ದು ಮಾಡಿಸಿದ. ಮತ್ತೆ ಬರುವ ದಾರಿಯೇ ಇರಬಾರದು ನೋಡಿ. ಗಂಡನ ದೊಡ್ಡ ಮನಸ್ಸು ಕಂಡು ಹೆಂಡತಿಯ ಕಣ್ಣು ತುಂಬಿತು. ಆಮೇಲೂ ಅವನು ಕೆಲವು ವಾರ ತಾಳ್ಮೆಯಿಂದ ಕಾದ. ಎಂಥಾ ತಲೆ ತನ್ನದು, ತನಗೇ ಹೆಮ್ಮೆ!

ಕೊನೆಗೊಂದು ಸಂಜೆ ಹಣ ತೆಗೆಯಲು ಹೋದರೆ ಯಂತ್ರ ಕಾರ್ಡನ್ನೇ ನುಂಗಿತು. ಹಾಳಾದ್ದು, ಕೆಟ್ಟಿರಬೇಕೆಂದು ಬೈದುಕೊಳ್ಳುತ್ತ ಮನೆಗೆ ಬಂದ. ಹೆಂಡತಿ ಬಾಗಿಲಲ್ಲೇ ನಗುತ್ತ ನಿಂತಿದ್ದಳು. “ರೀ, ನನ್ನ ತಮ್ಮ ಫೋನ್ ಮಾಡಿದ್ದ. ವೀಸಾ ಕ್ಯಾನ್ಸಲ್ ಆದ್ರೆ ನಮ್ಮಂಥ ಹೊರಗಿನೋರ ಅಕೌಂಟನ್ನೂ ಮುಚ್ತಾರಂತಲ್ಲ, ನಿಮಗೆ ಗೊತ್ತಿರ್ಲಿಲ್ವಾ? ಇದ್ದಬದ್ದ ದುಡ್ಡನ್ನೆಲ್ಲ ಬ್ಯಾಂಕಿನೋರು ಅವನ ಊರಿನ ವಿಳಾಸಕ್ಕೇ ಡಿಡಿ ಮಾಡಿ ಕಳಿಸಿದಾರೆ! ಇಷ್ಟೊಂದು ದುಡ್ಡು ಯಜಮಾನ್ರೇ ಕೊಟ್ಟಿರ್ಬೇಕು ಅಂತ ಅವರಿಗೂ ಫೋನ್ ಮಾಡಿ, ಕೈ ಮುಗಿದು ಅತ್ತುಬಿಟ್ನಂತೆ ಪಾಪ. ಯಜಮಾನ್ರು ಆಗ್ಲೇ ಇಲ್ಲಿಗೆ ಹೊರಟಿದಾರೆ, ನಿಮ್ಮ ಹತ್ರ ಏನೋ ಕೇಳ್ಬೇಕಂತೆ.”