ಹೊಲಿಗೆ ಬಿಚ್ಚಿಲ್ಲ, ಬಟ್ಟೆ ಹರಿದಿದೆ

ಭಾನುವಾರ ಸಂಜೆ ನಾಲ್ಕು ಗಂಟೆ ಐದು ನಿಮಿಷಕ್ಕೆ ಬೇಕರಿಯವನು ಠಾಣೆಗೆ ಓಡಿ ಬಂದ. ತೋಳಿನ ತುಂಬ ಮೈದಾಹಿಟ್ಟು, ಕೈಯಲ್ಲಿ ‘ನಿಲ್ಲಿ’ ಎಂದು ಬರೆದ ಕೆಂಪು ಫಲಕ. ಫಲಕದ ಹಿಡಿ ಮುರಿದು ಎರಡು ತುಂಡಾಗಿತ್ತು. ಅದು ಯಾರದೆಂದು ಇನ್‌ಸ್ಪೆಕ್ಟರ್ ಕೇಳಬೇಕಾಗಲಿಲ್ಲ. ಮೈದಾನದ ಮುಂದಿನ ರಸ್ತೆಯಲ್ಲಿ ಹನ್ನೊಂದು ವರ್ಷದಿಂದ, ಭಾನುವಾರವೂ ಬಿಡದೆ, ಆಟಕ್ಕೆ ಬರುವ ಮಕ್ಕಳನ್ನು ದಾಟಿಸುತ್ತಿದ್ದ ಅಕ್ಕನದು. ಆಕೆ ಫಲಕ ಎತ್ತಿದರೆ ನೀರಿನ ಟ್ಯಾಂಕರುಗಳೂ ಬಾಲ ಮುದುರಿಕೊಂಡು ನಿಲ್ಲುತ್ತಿದ್ದವು. ಒಮ್ಮೆ ಪೊಲೀಸ್ ಜೀಪೂ ನಿಂತಿತ್ತು, ಒಳಗಿದ್ದ ಇನ್‌ಸ್ಪೆಕ್ಟರಮ್ಮ ಬೈಸಿಕೊಂಡಿದ್ದರು.

“ಏನಾಯ್ತು?”

“ಅಕ್ಕ ಬಿದ್ರು ಮೇಡಂ. ಕೈಗೆ ಪೆಟ್ಟಾಗಿದೆ. ಆಟೋದಲ್ಲಿ ಆಸ್ಪತ್ರೆಗೆ ಕಳಿಸಿದೀವಿ.”

“ಯಾವ ಗಾಡಿ?”

“ಅದೇ. ಡುಬುಡುಬು.”

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. ನಾಲ್ಕು ಭಾನುವಾರದಿಂದ ಈ ಡುಬುಡುಬು ಅವರ ತಲೆ ತಿನ್ನುತ್ತಿತ್ತು. ಮಣ್ಣಿನ ಗುಡ್ಡಗಳ ಮೇಲೆ ಓಡಿಸಲೆಂದು ಮಾಡಿದ ನಾಲ್ಕು ಚಕ್ರದ ಬೈಕು. ದಪ್ಪ ಹಲ್ಲಿನ ಟೈರು, ನಂಬರ್ ಪ್ಲೇಟಿಲ್ಲ, ಇಂಡಿಕೇಟರಿಲ್ಲ, ಡಾಂಬರಿಗೆ ಇಳಿಯುವ ಅನುಮತಿ ಮೊದಲೇ ಇಲ್ಲ. ಅಂಗಡಿಗಳು ಬಾಗಿಲು ಹಾಕಿ ಊರು ಊಟ ಮುಗಿಸಿ ಮಲಗಿದ ಹೊತ್ತಿಗೆ ಸರಿಯಾಗಿ ಅದು ಹೊರಬೀಳುತ್ತಿತ್ತು. ಒಂದು ಭಾನುವಾರ ಗ್ರಂಥಾಲಯದ ಮೆಟ್ಟಿಲು ಇಳಿಯಿತು. ಇನ್ನೊಂದು ಭಾನುವಾರ ಪಾರ್ಕಿನ ಹೂವಿನ ಪಾತಿಯ ನಡುವೆ ನೆಟ್ಟಗೆ ಒಂದು ದಾರಿ ಬಿಡಿಸಿ ಹೋಯಿತು. ಜನ ಫೋನ್ ಮಾಡಿ ಬೈಯುತ್ತಿದ್ದರು, ಅರ್ಧ ಜನ ಬೈಯುತ್ತಲೇ ನಗುತ್ತಿದ್ದರು. ಇವತ್ತು ನಗು ನಿಂತಿತ್ತು.

“ಓಡಿಸಿದವನನ್ನ ನೋಡಿದ್ರಾ?”

“ಹೆಲ್ಮೆಟ್ಟು, ಉದ್ದ ರೇನ್‌ಕೋಟು. ಇಷ್ಟು ಬಿಸಿಲಲ್ಲಿ ರೇನ್‌ಕೋಟ್ ಹಾಕ್ಕೊಂಡಿದ್ದ ಮೇಡಂ.”

ನಾಲ್ಕು ಇಪ್ಪತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು: ನೋಂದಣಿಯಿಲ್ಲದ ವಾಹನ, ನಿರ್ಲಕ್ಷ್ಯದ ಚಾಲನೆ, ಗಾಯ, ನಿಲ್ಲಿಸದೆ ಪರಾರಿ. ಬರೆದವನು ಹೆಡ್ ಕಾನ್‌ಸ್ಟೆಬಲ್. ಅವನ ಬರಹ ಎಷ್ಟು ಚೆಂದವೆಂದರೆ ಠಾಣೆಯವರು ಅವನನ್ನು ಮುತ್ತು ಎಂದೇ ಕರೆಯುತ್ತಿದ್ದರು. ಅವನು ಬರೆದ ಕಳ್ಳತನದ ದೂರು ಓದಿದರೆ ಮದುವೆ ಕರೆಯೋಲೆ ಓದಿದಂತಿರುತ್ತಿತ್ತು.

“ಮೇಡಂ, ಬರೋ ಭಾನುವಾರ ಮಕ್ಕಳ ಓಟ ಇದೆ,” ಎಂದ ಮುತ್ತು. “ಅದೇ ರಸ್ತೇಲಿ. ಇನ್ನೂರ ನಲವತ್ತು ಮಕ್ಕಳು.”

“ಗೊತ್ತು ಕಣಪ್ಪ. ಅದಕ್ಕೇ ನಮಗೆ ಇರೋದು ಆರೇ ದಿನ.”

ಸ್ಥಳ ಪಂಚನಾಮೆಗೆ ಇಬ್ಬರು ಸಾಕ್ಷಿಗಳು ಬೇಕು. ಅವರನ್ನು ಪಂಚರು ಎನ್ನುತ್ತಾರೆ. ಯಾರನ್ನು ಕರೆದರೂ ಹೊಟ್ಟೆನೋವು, ನೆಂಟರು, ಬಸ್ಸಿಗೆ ಹೊತ್ತಾಯಿತು. ಕರೆದ ತಕ್ಷಣ ಬರುತ್ತಿದ್ದವರು ಊರಿಗೆಲ್ಲ ಒಬ್ಬರೇ, ಠಾಣೆಯ ಎದುರಿಗೇ ಅಂಗಡಿ ಇದ್ದ ಟೇಲರ್ ಅಣ್ಣ. ಐವತ್ತೆಂಟು ವರ್ಷ, ಕತ್ತಿನಲ್ಲಿ ಸದಾ ಅಳತೆ ಟೇಪು. ಪೊಲೀಸರ ಸಮವಸ್ತ್ರ, ಶಾಲಾಮಕ್ಕಳ ಸಮವಸ್ತ್ರ ಎರಡೂ ಅವರ ಕೈಯಲ್ಲೇ ಆಗಬೇಕು. ಇಪ್ಪತ್ತು ವರ್ಷದ ಪಂಚನಾಮೆಗಳಲ್ಲಿ ಒಂದನೇ ಪಂಚನ ಸಹಿ ಅವರದೇ. ಹಿಂದೊಮ್ಮೆ ಕಳ್ಳ ಕೊರೆದ ಗೋಡೆಯ ತೂತಿಗೆ ಟೇಪು ಹಿಡಿದು, “ಮೂವತ್ನಾಲ್ಕರ ಮೇಲೆ ಸೊಂಟ ಇರೋನು ಇಲ್ಲಿ ತೂರೋಕಾಗಲ್ಲ” ಎಂದು ಹೇಳಿ ಮೂವರು ನಿರಪರಾಧಿಗಳನ್ನು ಬಿಡಿಸಿದ ಕೀರ್ತಿ ಅವರಿಗಿತ್ತು. ಅವರಲ್ಲಿದ್ದ ಒಂದೇ ದೋಷವೆಂದರೆ ಹೇಳಿದ ದಿನಕ್ಕೆ ಬಟ್ಟೆ ಕೊಡುತ್ತಿರಲಿಲ್ಲ. ಇನ್‌ಸ್ಪೆಕ್ಟರ್ ಹೊಸ ಸಮವಸ್ತ್ರಕ್ಕೆ ಕೊಟ್ಟ ಬಟ್ಟೆ ಒಂದು ತಿಂಗಳಿಂದ “ನಾಳೆ ಬನ್ನಿ ಮೇಡಂ” ಎನ್ನುವ ಮಾತಿನಲ್ಲೇ ಇತ್ತು.

ನಾಲ್ಕು ಮುಕ್ಕಾಲಿಗೆ ಮುತ್ತು ಅರ್ಧ ಎಳೆದಿದ್ದ ಷಟರ್ ತಟ್ಟಿದ. ಟೇಲರ್ ಅಣ್ಣ ಬೆವರು ಒರೆಸಿಕೊಳ್ಳುತ್ತ ಬಗ್ಗಿ ಹೊರಗೆ ಬಂದರು.

“ಏನು ಸಮಾಚಾರ?”

“ಮೈದಾನದ ಹತ್ರ ಒಂದು ಪಂಚನಾಮೆ ಅಣ್ಣ. ಬಂದು ನೋಡಿ.”

ಬಂದರು. ರಸ್ತೆ ಬದಿಯ ಮಣ್ಣಿನಲ್ಲಿ ಮೂಡಿದ್ದ ಟೈರಿನ ಗುರುತಿಗೆ ಮಂಡಿಯೂರಿ ಟೇಪು ಹಿಡಿದರು. “ಎಡದಿಂದ ಬಲಕ್ಕೆ ಮೂವತ್ಮೂರೂಕಾಲು ಇಂಚು,” ಎಂದರು. ಕಾಲಿಂಚನ್ನೂ ಬಿಡಲಿಲ್ಲ. ಎರಡನೇ ಪಂಚನಾಗಿದ್ದ ಬೇಕರಿಯವನು ಮರದ ಸುತ್ತಲಿನ ಕಬ್ಬಿಣದ ಬೇಲಿಯತ್ತ ಕೈ ತೋರಿಸಿದ. ಬೇಲಿಯ ಮೊನೆಗೆ, ಅಂಚಿನಲ್ಲಿ ಹೊಲಿಗೆಯಿದ್ದ ಏಳಿಂಚಿನ ಹಸಿರು ರೆಕ್ಸಿನ್ ತುಂಡು ಸಿಕ್ಕಿಕೊಂಡಿತ್ತು. ಓಡುವ ಅವಸರದಲ್ಲಿ ಗಾಡಿಯ ಸೀಟು ತಗುಲಿರಬೇಕು. ಮುತ್ತು ದೊಡ್ಡದಾಗಿ ಓದಿಕೊಳ್ಳುತ್ತ ಬರೆದ:

“ಹೊಲಿಗೆ ಬಿಚ್ಚಿಹೋದ ಹಸಿರು ರೆಕ್ಸಿನ್ ತುಂಡು, ಒಂದು.”

“ತಿದ್ದಿ,” ಎಂದರು ಟೇಲರ್ ಅಣ್ಣ. “ಹೊಲಿಗೆ ಬಿಚ್ಚಿಲ್ಲ. ಬಟ್ಟೆ ಹರಿದಿದೆ.”

“ಎರಡೂ ಒಂದೇ ಅಲ್ವಾ ಅಣ್ಣ?”

“ಹೇಗೆ ಒಂದಾಗುತ್ತೆ? ಬಟ್ಟೆ ಹರಿದ್ರೆ ಬಟ್ಟೆ ತಪ್ಪು. ಹೊಲಿಗೆ ಬಿಚ್ಚಿದ್ರೆ ಹೊಲಿದವನ ತಪ್ಪು. ಸರ್ಕಾರಿ ಕಾಗದದಲ್ಲಿ ಸುಳ್ಳು ಇರಬಾರದು.”

ಮುತ್ತು ಗೊಣಗುತ್ತ ತಿದ್ದಿದ. ಟೇಲರ್ ಅಣ್ಣ ಒಂದನೇ ಪಂಚನ ಜಾಗದಲ್ಲಿ ಸಹಿ ಹಾಕಿದರು. ಸಮಯ ಐದೂವರೆ.

ಸೋಮವಾರ, ಮಂಗಳವಾರ, ಬುಧವಾರ ತನಿಖೆ ಅಡ್ಡದಾರಿ ಹಿಡಿಯಿತು. ಕಾಲೇಜು ಹುಡುಗರನ್ನು ಕರೆಸಿ ವಿಚಾರಿಸಿದರು. ಪಾಪ, ಅವರಲ್ಲಿ ಅರ್ಧಕ್ಕರ್ಧ ಮಂದಿ ಆ ಹೊತ್ತಿಗೆ ಟ್ಯೂಷನ್ನಿನಲ್ಲಿ ತೂಕಡಿಸುತ್ತಿದ್ದರು. ಊರಿನ ಆರು ಗ್ಯಾರೇಜುಗಳಲ್ಲಿ ಮುತ್ತು ಮೂವತ್ಮೂರೂಕಾಲು ಇಂಚಿನ ಗಾಡಿಗಾಗಿ ಟೇಪು ಹಿಡಿದು ಸುತ್ತಿದ. ಆ ಟೇಪನ್ನೂ ಟೇಲರ್ ಅಣ್ಣನ ಹತ್ತಿರವೇ ಇಸಿದುಕೊಂಡಿದ್ದ. ಊರಾಚೆ ಮಣ್ಣಿನ ರೇಸ್ ನಡೆಸುತ್ತಿದ್ದ ಮೈದಾನವೊಂದಿತ್ತು, ಅಲ್ಲಿಗೆ ಹೋದರೆ ಎರಡು ವರ್ಷದ ಹಿಂದೆಯೇ ಮುಚ್ಚಿತ್ತು. ಗೇಟಿನ ಮೇಲೆ ಹಾಗಲಬಳ್ಳಿ ಹಬ್ಬಿತ್ತು. ಮುತ್ತು ನಾಲ್ಕು ಹಾಗಲಕಾಯಿ ಕಿತ್ತುಕೊಂಡು ವಾಪಸ್ಸಾದ. ಮೂರು ದಿನದ ಸಂಪಾದನೆ ಅಷ್ಟೇ.

ಗುರುವಾರ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಇನ್‌ಸ್ಪೆಕ್ಟರ್ ಹೇಳಿಕೆ ಪಡೆಯಲು ದಾಟಿಸುವ ಅಕ್ಕನ ಮನೆಗೆ ಹೋದರು. ಬಲಗೈ ಮಣಿಕಟ್ಟಿಗೆ ಪ್ಲಾಸ್ಟರು. ಕೈಯನ್ನು ಕತ್ತಿನಿಂದ ಇಳಿಬಿಟ್ಟ ನೀಲಿ ಬಟ್ಟೆಯ ಜೋಲಿ ಹೊತ್ತಿತ್ತು. ಆದರೂ ಆಕೆ ಎಡಗೈಯಲ್ಲಿ ಹೊಸ ಫಲಕಕ್ಕೆ ಬಣ್ಣ ಬಳಿಯುತ್ತಿದ್ದರು.

“ಭಾನುವಾರ ನಿಂತ್ಕೋತೀನಿ ಮೇಡಂ. ನೀವು ಹಿಡಿದ್ರೂ ಸರಿ, ಹಿಡೀದಿದ್ರೂ ಸರಿ.”

“ಅವತ್ತು ಪಕ್ಕಕ್ಕೆ ಹಾರಬಹುದಿತ್ತಲ್ಲ ಅಕ್ಕ? ಹಿಂದಕ್ಕೆ ಯಾಕೆ ಬಿದ್ರಿ?”

“ಹಿಂದೆ ಮಗು ಇತ್ತು. ಎರಡನೇ ತರಗತಿ ಪುಟ್ಟಿ, ಮುಂದಿನ ಹಲ್ಲು ಬಿದ್ದಿದೆಯಲ್ಲ, ಅದು. ನಾನು ಪಕ್ಕಕ್ಕೆ ಹೋದ್ರೆ ಗಾಡಿಗೆ ಅದೇ ಎದುರು. ತಳ್ಳಿಬಿಟ್ಟೆ. ನಾನೂ ಬಿದ್ದೆ.”

ಇನ್‌ಸ್ಪೆಕ್ಟರ್ ಅದನ್ನು ಹಾಗೇ ಬರೆದುಕೊಂಡರು. ತಲೆಯೆತ್ತಿದಾಗ ಜೋಲಿ ಕಣ್ಣಿಗೆ ಬಿತ್ತು. ಹೊಲಿಗೆ ಮುಗಿಯುವ ಕಡೆ ದಾರ ಹಿಂದಕ್ಕೆ ಮೂರು ಹೆಜ್ಜೆ, ಮುಂದಕ್ಕೆ ಮೂರು ಹೆಜ್ಜೆ ಹೋಗಿ, ಕೊನೆಗೊಂದು ಓರೆ ಗೀಟು ಬಿದ್ದಿತ್ತು. ಅದನ್ನು ಎಲ್ಲೋ ನೋಡಿದ ನೆನಪು. ತಮ್ಮ ಭುಜದ ಪಟ್ಟಿಯ ಮೇಲೆ ಬೆರಳಾಡಿಸಿದರು: ಮೂರು, ಮೂರು, ಓರೆ ಒಂದು. ಜಪ್ತಿ ಮಾಡಿದ ರೆಕ್ಸಿನ್ ತುಂಡಿನ ಫೋಟೋ ಮೊಬೈಲಿನಲ್ಲಿತ್ತು. ದೊಡ್ಡದು ಮಾಡಿ ನೋಡಿದರು. ಅಲ್ಲೂ ಮೂರು, ಮೂರು, ಓರೆ ಒಂದು.

“ಜೋಲಿ ಯಾರು ಹೊಲಿದಿದ್ದು ಅಕ್ಕ?”

ಉತ್ತರ ಕೊಟ್ಟವಳು ಒಳಗಿನಿಂದ ನೀರು ತಂದ ಸೊಸೆ. “ಟೇಲರ್ ಅಣ್ಣ. ಭಾನುವಾರ ಮಗಳನ್ನ ನಾಲ್ಕು ಇಪ್ಪತ್ತರ ಬಸ್ಸಿಗೆ ಹತ್ತಿಸೋಕೆ ಇಳೀತಿದ್ದೆ. ಬಾಗಿಲಿಗೆ ಚೀಲ ಸಿಕ್ಕಿಸಿ ಹೋಗ್ತಾ ಇದ್ರು. ಅತ್ತೆಗೆ ಅಂದ್ರು. ನನಗೆ ತಲೆಬುಡ ಗೊತ್ತಾಗ್ಲಿಲ್ಲ. ಆಸ್ಪತ್ರೆಯಿಂದ ಫೋನ್ ಬಂದಿದ್ದೇ ನಾಲ್ಕೂವರೆಗೆ.”

ನಾಲ್ಕು ಇಪ್ಪತ್ತಕ್ಕೂ ಮೊದಲೇ ಜೋಲಿ ಹೊಲಿದು ತಂದುಕೊಟ್ಟ ಮನುಷ್ಯ, ನಾಲ್ಕು ಮುಕ್ಕಾಲಿಗೆ ಮುತ್ತುವನ್ನು “ಏನು ಸಮಾಚಾರ?” ಎಂದು ಕೇಳಿದ್ದ. ಇನ್‌ಸ್ಪೆಕ್ಟರ್ ಜೀಪಿನಲ್ಲಿ ಕುಳಿತು ಇದನ್ನು ಹೇಳಿದಾಗ ಮುತ್ತು ಎಂಜಿನ್ ಶುರುಮಾಡುವುದನ್ನೇ ಮರೆತ.

“ಅಲ್ಲ ಮೇಡಂ, ಅಣ್ಣ ಯಾರದೋ ಸೀಟು ಹೊಲಿದುಕೊಟ್ಟಿರಬಹುದು. ಗಿರಾಕಿ ಮಾಡಿದ್ದಕ್ಕೆ...”

“ಇರಬಹುದು. ಕೇಳೋಣ. ಸರ್ಚ್ ಪಂಚನಾಮೆಗೆ ಪಂಚರನ್ನ ಕರಿ.”

ಮುತ್ತು ತಲೆ ಕೆರೆದುಕೊಂಡ. “ಯಾರನ್ನ ಕರೀಲಿ? ನಮ್ಮ ಹತ್ರ ಇರೋ ಪಂಚ ಅವರೊಬ್ಬರೇ.”

ಬೇಕರಿಯವನನ್ನೂ ಗ್ರಂಥಾಲಯದವರನ್ನೂ ಹುಡುಕಿ ತರುವಷ್ಟರಲ್ಲಿ ಗುರುವಾರ ಮುಗಿಯಿತು. ಶುಕ್ರವಾರ ಮಧ್ಯಾಹ್ನ ಮೂರಕ್ಕೆ ನಾಲ್ವರೂ ರಸ್ತೆ ದಾಟಿದರು. ಠಾಣೆಯ ಮೆಟ್ಟಿಲಿನಿಂದ ಅಂಗಡಿಗೆ ನಲವತ್ತು ಹೆಜ್ಜೆ.

ಟೇಲರ್ ಅಣ್ಣ ಮೆಷಿನ್ ತುಳಿಯುತ್ತಿದ್ದರು. ಸೂಜಿಯ ಕೆಳಗೆ ಖಾಕಿ ಬಟ್ಟೆ. ಇನ್‌ಸ್ಪೆಕ್ಟರ್ ಅಳತೆ ಪುಸ್ತಕ ಕೇಳಿದರು. ಅವರು ಕೊಟ್ಟರು. ಕಳೆದ ತಿಂಗಳ ಪುಟಗಳಲ್ಲಿ ಊರೆಲ್ಲ ಇತ್ತು: ಕುತ್ತಿಗೆ, ಎದೆ, ತೋಳು, ಸೊಂಟ. ಒಂದು ಪುಟದಲ್ಲಿ ಮಾತ್ರ ಕುತ್ತಿಗೆ ಖಾಲಿ, ತೋಳು ಖಾಲಿ. ಉದ್ದ ಇಪ್ಪತ್ತೇಳು, ಅಗಲ ಹನ್ನೊಂದೂವರೆ, ಹಸಿರು ರೆಕ್ಸಿನ್. ಹೆಸರಿನ ಜಾಗದಲ್ಲಿ ‘ಸ್ವಂತಕ್ಕೆ’ ಎಂದಿತ್ತು.

“ಅಣ್ಣ, ಈ ಗಿರಾಕಿಗೆ ಕುತ್ತಿಗೆನೂ ಇಲ್ಲ, ಕೈಯೂ ಇಲ್ಲ. ಯಾರಿದು?”

ಮೆಷಿನ್ ನಿಂತಿತು. ಟೇಲರ್ ಅಣ್ಣ ಸೂಜಿ ಎತ್ತಿ, ದಾರ ಕತ್ತರಿಸಿ, ಖಾಕಿಯನ್ನು ನೀಟಾಗಿ ಮಡಚಿಟ್ಟರು.

“ಹಿಂದಿನ ಕೋಣೇಲಿದೆ ಮೇಡಂ. ನಿಮ್ಮ ಯೂನಿಫಾರ್ಮ್ ಮುಗಿಸಿಬಿಟ್ಟು ನಾನೇ ಬರೋಣ ಅಂತಿದ್ದೆ. ಆಮೇಲಾದ್ರೆ ನನ್ನ ಹತ್ರ ಇಸ್ಕೊಳ್ಳೋಕೆ ನಿಮಗೆ ಮುಜುಗರ.”

ಹಿಂಬದಿಯ ಓಣಿಗೆ ದೊಡ್ಡ ಬಾಗಿಲಿದ್ದ ಆ ಕೋಣೆಯಲ್ಲಿ, ಯಾರೂ ಒಯ್ಯದೆ ಉಳಿದ ಬಟ್ಟೆಗಳ ರಾಶಿಯ ಕೆಳಗೆ ಡುಬುಡುಬು ಕುಳಿತಿತ್ತು. ಇಡೀ ಊರು ಜಾಲಾಡಿದ ಮುತ್ತು ಅದರ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತ. ಟೇಪು ಹಿಡಿದರೆ ಮೂವತ್ಮೂರೂಕಾಲು. ಸೀಟಿನ ಅಂಚಿನಲ್ಲಿ ಏಳಿಂಚು ಹರಿದಿತ್ತು. ಸುತ್ತಲಿನ ಹೊಲಿಗೆ ಒಂದೆಳೆಯೂ ಸಡಿಲವಾಗಿರಲಿಲ್ಲ.

ಮೂರೂ ಐವತ್ತಕ್ಕೆ ಬಂಧನ. ಕೈಕೋಳದ ಮಾತನ್ನು ಯಾರೂ ಎತ್ತಲಿಲ್ಲ. ಟೇಲರ್ ಅಣ್ಣ ಷಟರ್ ಎಳೆದು, ಬೀಗ ಎರಡು ಸಲ ಜಗ್ಗಿ ನೋಡಿ, ಆ ನಲವತ್ತು ಹೆಜ್ಜೆ ತಾವೇ ನಡೆದರು.

“ಗಾಡಿ ಎಲ್ಲಿಂದ ಬಂತು?”

“ಊರಾಚೆ ರೇಸ್ ಮೈದಾನ ನನ್ನ ಭಾವಮೈದುನಂದು. ಅದು ಮುಚ್ಚಿದಾಗ ಇದೊಂದು ಉಳೀತು. ಸೀಟು ಹೊಲಿದಿಡು ಅಂತ ಬಿಟ್ಟುಹೋದ.”

“ಹೊಲಿದ ಮೇಲೆ ಸುಮ್ಮನೆ ಇಡಬಾರದಿತ್ತಾ?”

ಟೇಲರ್ ಅಣ್ಣ ಬಲಗಾಲಿನ ಕಡೆ ನೋಡಿಕೊಂಡರು. ನೆಲದ ಮೇಲಿದ್ದರೂ ಆ ಪಾದ ಅಭ್ಯಾಸಬಲದಿಂದ ಮೇಲೆ ಕೆಳಗೆ ಆಡುತ್ತಿತ್ತು.

“ಹದಿನಾರನೇ ವಯಸ್ಸಿಗೆ ಮೆಷಿನ್ ಮುಂದೆ ಕೂತೆ ಮೇಡಂ. ನಲವತ್ತೆರಡು ವರ್ಷ ತುಳಿದಿದೀನಿ. ಚಕ್ರ ತಿರುಗ್ತಾನೇ ಇತ್ತು, ನಾನು ಇದ್ದಲ್ಲೇ ಇದ್ದೆ. ಸೀಟು ಸರಿಯಾಗಿ ಕೂತಿದೆಯಾ ನೋಡೋಣ ಅಂತ ಹತ್ತಿದೆ. ಹೆಬ್ಬೆರಳಲ್ಲಿ ಒಂಚೂರು ಒತ್ತಿದೆ ಅಷ್ಟೇ. ಗಾಡಿ ಮುಂದಕ್ಕೆ ಹೋಯ್ತು. ನಾನೂ ಹೋದೆ.”

ಮುತ್ತು ಬಗ್ಗಿ ಬರೆಯುವಂತೆ ನಟಿಸಿದ. ಇನ್‌ಸ್ಪೆಕ್ಟರಿಗೂ ನಗು ಬಂತು. ಗಾಡಿ ಗುರುತಿಸಲು ಬಂದಿದ್ದ ದಾಟಿಸುವ ಅಕ್ಕ ಬಾಗಿಲ ಬಳಿಯ ಬೆಂಚಿನಿಂದ ಎದ್ದು ಒಳಗೆ ಬಂದರು.

“ಜೋಲಿ ಚೆನ್ನಾಗಿದೆ ಅಣ್ಣ. ನನ್ನ ಕೈ ಆರು ವಾರಕ್ಕೆ ಕೂಡುತ್ತೆ. ಅದರ ಬಗ್ಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಆದ್ರೆ ನನ್ನ ಹಿಂದೆ ಒಂದು ಮಗು ಇತ್ತು. ನೀವು ನೋಡ್ಲಿಲ್ಲ.”

ಟೇಲರ್ ಅಣ್ಣನ ಪಾದ ನಿಂತಿತು. “ಯಾವ ಮಗು?”

“ಹಲ್ಲು ಬಿದ್ದ ಪುಟ್ಟಿ. ಅಂಚೆ ಕಚೇರಿ ಹಿಂದಿನ ಮನೇದು.”

ಅವರ ಕೈ ಕತ್ತಿನ ಟೇಪಿಗೆ ಹೋಯಿತು. ಆಮೇಲೆ, ಯಾರಿಗೂ ಅಲ್ಲವೆಂಬಂತೆ, “ಎದೆ ಇಪ್ಪತ್ಮೂರು,” ಎಂದರು. “ಉದ್ದ ಹತ್ತೊಂಬತ್ತು. ಬೆಳೆಯೋ ಮಗು ಅಂತ ಅಂಚಲ್ಲಿ ಎರಡಿಂಚು ಜಾಸ್ತಿ ಮಡಚಿ ಬಿಟ್ಟಿದೀನಿ.”

ಕತ್ತಿನ ಟೇಪು ತೆಗೆದು ಮೇಜಿನ ಮೇಲಿಟ್ಟು ಅವರು ಮುಖ ಮುಚ್ಚಿಕೊಂಡು ಅತ್ತರು. ಅಕ್ಕ ಅವರ ಪಕ್ಕದಲ್ಲೇ ಕುಳಿತರು.

ಐದು ಗಂಟೆಗೆ ಮುತ್ತು ಹೇಳಿಕೆಯನ್ನು ಓದಿ ಹೇಳಿದ. ಇಪ್ಪತ್ತು ವರ್ಷದ ಸಲಿಗೆಯಿಂದ ಒಂದು ಕಡೆ ತನ್ನ ಕಡೆಯಿಂದ ನಾಲ್ಕು ಪದ ಸೇರಿಸಿದ್ದ: ‘ಗಾಡಿ ನಿಯಂತ್ರಣ ತಪ್ಪಿ ಮುನ್ನುಗ್ಗಿದ್ದರಿಂದ’.

“ತಿದ್ದಪ್ಪ,” ಎಂದರು ಟೇಲರ್ ಅಣ್ಣ. “ಗಾಡಿ ತಪ್ಪಲಿಲ್ಲ. ನಾನು ತಪ್ಪಿದೆ.”

“ಇರಲಿ ಬಿಡಿ ಅಣ್ಣ, ಒಂದು ಮಾತು...”

“ಈ ಸಲ ಬಟ್ಟೆ ಹರಿದಿದ್ದಲ್ಲ ಮುತ್ತು. ಹೊಲಿಗೆನೇ ಬಿಚ್ಚಿದೆ. ಹಾಗೇ ಬರಿ.”

ಮುತ್ತು ಇನ್‌ಸ್ಪೆಕ್ಟರ್ ಮುಖ ನೋಡಿದ. ಅವರು ತಲೆಯಾಡಿಸಿದರು. ತಿದ್ದಿದ ಕಾಗದ ಮುಂದೆ ಬಂದಾಗ ಟೇಲರ್ ಅಣ್ಣನ ಕೈ ತಾನಾಗಿಯೇ ಒಂದನೇ ಪಂಚನ ಜಾಗಕ್ಕೆ ಹೋಯಿತು. ಅಲ್ಲಿ ಒಂದು ಕ್ಷಣ ನಿಂತು, ಕೆಳಗಿಳಿದು, ‘ಆರೋಪಿ’ ಎಂದು ಬರೆದ ಕಡೆ ಸಹಿ ಹಾಕಿತು.

ಅದೇ ಸಂಜೆ ಜಾಮೀನಿನ ಮೇಲೆ ಮನೆಗೆ ಕಳಿಸಿದರು. ಡುಬುಡುಬು ಠಾಣೆಯ ಹಿತ್ತಲಲ್ಲಿ ಸರಪಳಿ ಬಿಗಿಸಿಕೊಂಡು ನಿಂತಿತು. ಭಾನುವಾರ ಇನ್ನೂರ ನಲವತ್ತು ಮಕ್ಕಳು ಓಡಿದರು, ಅಕ್ಕ ಎಡಗೈಯಲ್ಲಿ ಫಲಕ ಹಿಡಿದು ನಿಂತಿದ್ದರು. ಇನ್‌ಸ್ಪೆಕ್ಟರ್ ಹೊಸ ಸಮವಸ್ತ್ರದಲ್ಲಿದ್ದರು, ಎಲ್ಲೂ ಒಂದೆಳೆ ಹೆಚ್ಚುಕಡಿಮೆ ಇರಲಿಲ್ಲ. ಹಲ್ಲು ಬಿದ್ದ ಪುಟ್ಟಿ ಕೊನೆಯಿಂದ ಎರಡನೆಯವಳಾಗಿ ನಗುತ್ತ ಗೆರೆ ದಾಟಿದಳು. ಕೇಸ್ ಡೈರಿಯಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ, ಮುತ್ತು ಅಂಚಿನಲ್ಲಿ ಬರೆದ.