ಕಪ್ಪು ಚಿಟ್ಟೆಗಿಡದ ಕಡ್ಡಿ

"ಆ ಗಿಡದ ಕಡ್ಡೀನ ಮಾತ್ರ ಬಾಯಲ್ಲಿ ಕಚ್ಕೋಬೇಡಮ್ಮ. ಅದಕ್ಕೆ ಮಾಟ ಮಾಡ್ಸಿದಾರೆ," ಎಂದಳು ನರ್ಸರಿಯ ಮುದುಕಿ.

ಹೊಸದಾಗಿ ಸೇರಿದ್ದ ಕಸಿ ಕೆಲಸದವಳು ನಕ್ಕಳು. ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಕುಂಡ. ಕತ್ತರಿಸಿದ ಕಡ್ಡಿಗಳನ್ನು ಹಲ್ಲಲ್ಲಿ ಕಚ್ಚಿಕೊಳ್ಳದೆ ತಲೆಯ ಮೇಲೆ ಹೊತ್ತುಕೊಳ್ಳಬೇಕೇ? ಹತ್ತು ವರ್ಷದ ಅಭ್ಯಾಸ ಅದು.

"ಮಾಟ ಮಾಡ್ಸಿದೋರಿಗೆ ಬೇರೆ ಕೆಲ್ಸ ಇರ್ಲಿಲ್ವಾ ಅಜ್ಜಿ?"

"ಯಜಮಾನರ ಅತ್ತಿಗೆ ಮಾಡ್ಸಿದ್ದು, ತನ್ನ ವಾರಗಿತ್ತಿ ಮೇಲೆ. ಕಚ್ಚಿದೋರ ಮೈ ಮರಗಟ್ಟುತ್ತೆ. ಇನ್ನೊಂದು ಬಾಯಿ ಕಚ್ಚೋವರೆಗೂ ಬಿಡಲ್ಲ."

ಚಿಟ್ಟೆಗಿಡದ ಗೊಂಚಲುಗಳು ಕಡುನೇರಳೆ, ಬಿಸಿಲಲ್ಲೂ ಕಪ್ಪು. ಹುಳಿತ ಜೇನಿನಂಥ ವಾಸನೆ. ತೋಟದ ತುಂಬ ಚಿಟ್ಟೆಗಳಿದ್ದರೂ ಇದರ ಮೇಲೆ ಒಂದೂ ಕೂತಿರಲಿಲ್ಲ. ಅವಳು ಹನ್ನೆರಡು ಕಡ್ಡಿ ಕತ್ತರಿಸಿದಳು, ಬೇಕೆಂದೇ ಕಚ್ಚಿಕೊಂಡು ನೆಟ್ಟಳು.

ಮಧ್ಯಾಹ್ನ ತುಟಿಗೆ ಜೋಮು ಹಿಡಿಯಿತು. ಮರುದಿನ ನಾಲಗೆಗೆ. ಉಪ್ಪೂ ಒಂದೇ, ಸಕ್ಕರೆಯೂ ಒಂದೇ. ವಾರದೊಳಗೆ ಚಾಕು ಬೆರಳು ಕೊಯ್ದರೂ ರಕ್ತ ಕಂಡ ಮೇಲೇ ಗೊತ್ತಾಗತೊಡಗಿತು. ವೈದ್ಯರು ಸೂಜಿ ಚುಚ್ಚಿ ನೋಡಿ ತಲೆ ಕೆರೆದುಕೊಂಡರು. ಅವಳಿಗೆ ಹೆದರಿಕೆಯೂ ಆಗಲಿಲ್ಲ, ಅದೂ ಮರಗಟ್ಟಿತ್ತು. ಕಾಡಿದ್ದು ಒಂದೇ: ಐದು ವರ್ಷದ ಮಗಳನ್ನು ಅಪ್ಪಿಕೊಂಡರೆ ಮೂಟೆ ಹೊತ್ತ ಹಾಗಿತ್ತು. ಬಿಸಿಯಿಲ್ಲ, ಮೆತ್ತಗಿಲ್ಲ. ಆ ಅಪ್ಪುಗೆಯೊಂದು ತಿರುಗಿ ಸಿಕ್ಕರೆ ಸಾಕಾಗಿತ್ತು ಅವಳಿಗೆ.

"ಯಾರಿಗಾದ್ರೂ ಕಚ್ಚಿಸ್ಬಿಡು," ಮುದುಕಿ ಪಿಸುಗುಟ್ಟಿದಳು. "ಜೋಮೆಲ್ಲ ಒಟ್ಟಿಗೇ ಅವ್ರ ಮೈಗೆ ಹೋಗುತ್ತೆ, ಮತ್ತೆ ನಿನ್ನತ್ತ ತಿರುಗಲ್ಲ."

"ಛೀ, ಅಷ್ಟು ಕಲ್ಲೆದೆ ನಂಗಿಲ್ಲ. ಸುಟ್ಟುಹಾಕ್ತೀನಿ."

ನರ್ಸರಿಯಲ್ಲಿ ಬೆಂಕಿ ಹಚ್ಚುವಂತಿಲ್ಲ. ಹನ್ನೆರಡನ್ನೂ ಕಿತ್ತು ಚೀಲಕ್ಕೆ ತುಂಬಿ ಮನೆಗೆ ತಂದಳು. ಚೀಲವನ್ನು ಮೆಟ್ಟಿಲ ಮೇಲಿಟ್ಟು ಬೆಂಕಿಪೊಟ್ಟಣಕ್ಕೆಂದು ಒಳಗೆ ಹೋದಳು.

ತಟ್ಟನೆ, ಜೋಮೆಲ್ಲ ಒಟ್ಟಿಗೇ ಇಳಿಯಿತು. ಅಂಗಾಲಿಗೆ ನೆಲ ತಣ್ಣಗೆ ತಾಗಿತು. ಬೆರಳಿನ ಗಾಯ ಚುರುಗುಟ್ಟಿತು. ನೋವು! ಖುಷಿಗೆ ಕಣ್ಣು ತುಂಬಿತು. ಮರುಕ್ಷಣ ಮೆಟ್ಟಿಲ ಮೇಲಿಟ್ಟ ಚೀಲ ನೆನಪಾಯಿತು.

ಓಡಿದಳು.

ಮಗಳು ಮೆಟ್ಟಿಲ ಮೇಲೆ ಕೂತಿದ್ದಳು. ಒಂದು ಕೈಯಲ್ಲಿ ಚಮಚ. ಇನ್ನೊಂದರಲ್ಲಿ ಮಣ್ಣು ತುಂಬಿದ ಲೋಟ. ಹಲ್ಲುಗಳ ನಡುವೆ ಕಡ್ಡಿ. ಥೇಟ್ ಅಮ್ಮನ ಹಾಗೆ.

ಕಿತ್ತುಕೊಂಡಳು. ತಾನು ಕಚ್ಚಿದಳು. ಮತ್ತೆ ಕಚ್ಚಿದಳು. ಅಗಿದಳು. ಕಹಿ. ನಾಲಗೆಯ ತುಂಬ ಕಹಿ. ಒಮ್ಮೆ ಬಿಟ್ಟುಹೋದದ್ದು ಅವಳತ್ತ ತಿರುಗಲಿಲ್ಲ.

ಮಗಳನ್ನು ಬಾಚಿ ಎತ್ತಿಕೊಂಡಳು. ಎರಡೂ ತೋಳುಗಳಲ್ಲಿ ಬಿಗಿಯಾಗಿ ಅಪ್ಪಿಕೊಂಡಳು. ಬೆಚ್ಚಗಿತ್ತು, ಮೆತ್ತಗಿತ್ತು, ಕುತ್ತಿಗೆಯಲ್ಲಿ ಬೆವರಿನ ವಾಸನೆ. ಎಲ್ಲವೂ ಗೊತ್ತಾಗುತ್ತಿತ್ತು.

"ಅಮ್ಮಾ," ಮಗಳು ಕಣ್ಣರಳಿಸಿ ಅವಳ ಮುಖ ನೋಡಿದಳು. "ನನ್ನ ಹಿಡ್ಕೋ ಅಮ್ಮಾ. ಬಿದ್ದುಬಿಡ್ತೀನಿ."