ಬೆಂಚಿನ ಮೇಲಿದ್ದ ಎರಡು ಬ್ಯಾಟು

ಬ್ಯಾಟಿನ ರಬ್ಬರನ್ನು ಯಾರೋ ಬ್ಲೇಡಿನಿಂದ ಉದ್ದಕ್ಕೆ ಸೀಳಿದ್ದರು. ನನ್ನ ಹೆಂಡತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅವಳು ನಿವೃತ್ತ ಅಂಪೈರ್. ಟೇಬಲ್ ಟೆನಿಸ್ ಕ್ಲಬ್ಬಿನವರಿಗೆಲ್ಲ ಅಂಪೈರಮ್ಮ. ಕ್ಲಬ್ಬಿನ ಎಲ್ಲ ತಂಟೆ ತಕರಾರೂ ಅವಳ ಬಳಿಗೇ ಬರುತ್ತಿದ್ದವು. ನಾನು ಅವಳ ಚೀಲ ಹೊರುವ ಗಂಡ. ಅವಳ ಪತ್ತೇದಾರಿಕೆಯನ್ನು ಬರೆದಿಡುವವನೂ ನಾನೇ, ಯಾಕೆಂದರೆ ಅವಳಿಗೆ ಪುರಸೊತ್ತಿಲ್ಲ.

ಅಂದು ಮಿಶ್ರ ಡಬಲ್ಸ್‌ನ ಆಯ್ಕೆ ಪಂದ್ಯ. ದೊಡ್ಡ ಪಂದ್ಯಾವಳಿಗೆ ಹೋಗುವುದು ಒಂದೇ ಜೋಡಿ. ಕ್ಲಬ್ಬಿನಲ್ಲಿ ಅಕ್ಕ-ತಮ್ಮನ ಜೋಡಿಯೊಂದಿತ್ತು. ಗಡಿಯಾರ ರಿಪೇರಿ ಮಾಡುವ ತಮ್ಮನ ಹೆಸರು ಎಂದೋ ಖಚಿತವಾಗಿತ್ತು. ಅವನ ಜೊತೆಗೆ ಯಾರು ಎಂಬುದಷ್ಟೇ ಪ್ರಶ್ನೆ. ಇಸ್ತ್ರಿ ಅಂಗಡಿ ನಡೆಸುವ ಅವನ ಅಕ್ಕ ಅಂದು ಆಡಿ ಗೆದ್ದರೆ ಜಾಗ ಅವಳದು. ಇಲ್ಲದಿದ್ದರೆ ಆಯ್ಕೆಗಾರರ ತಂಗಿಯ ಮಗಳದು.

"ನನಗೆ ಇದೊಂದೇ ಅವಕಾಶ, ಅಂಪೈರಮ್ಮ," ಎಂದಳು ಅಕ್ಕ, ಕಣ್ಣು ತುಂಬಿಕೊಂಡು. "ಬೆಳಗ್ಗೆ ಇಬ್ಬರ ಬ್ಯಾಟೂ ಈ ಬೆಂಚಿನ ಮೇಲಿಟ್ಟು ಕೆಲಸಕ್ಕೆ ಹೋಗಿದ್ವಿ. ಸಂಜೆ ಬಂದು ನೋಡಿದ್ರೆ ಹೀಗೆ."

ಸೀಳಿದ್ದು ಮೇಲೆಲ್ಲ ಸಣ್ಣ ಗುಳ್ಳೆಗಳಿರುವ ರಬ್ಬರು. ಎದುರಿನ ಚೆಂಡಿನ ವೇಗ ತಗ್ಗಿಸಿ ತಡೆದು ಆಡುವವರದ್ದು. ಪಕ್ಕದ ನುಣುಪು ರಬ್ಬರಿನ ಬ್ಯಾಟು, ಬಾರಿಸಿ ಆಡುವವರದ್ದು, ಹಾಗೇ ಇತ್ತು. ಪಾಪ ಅಕ್ಕ, ಎಂದುಕೊಂಡೆ ನಾನು. ಬಾಗಿಲ ಬಳಿ ತಮ್ಮ ನಿಂತಿದ್ದ.

"ಬೆಂಚಿನ ಕೆಳಗೆ ಬಿದ್ದಿರೋ ಈ ಬ್ಲೇಡು ನನ್ನ ಡ್ರಾಯರಿನದ್ದು," ಎಂದರು ಕೋಚ್, ಪೆಚ್ಚಾಗಿ. "ಬೀಗ ಹಾಕಿರ್ಲಿಲ್ಲ. ಬೆಳಗ್ಗಿನಿಂದ ಇಲ್ಲಿಗೆ ಬಂದು ಹೋದೋರು ನಾನು, ಆಯ್ಕೆಗಾರರು, ಈ ಹುಡುಗಿ ಮಾತ್ರ."

ಆಯ್ಕೆಗಾರರ ತಂಗಿಯ ಮಗಳು ಆಟದ ಉಡುಪಿನಲ್ಲಿ, ಬೂಟಿನ ಲಾಡಿ ಬಿಗಿದುಕೊಂಡು, ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಅಷ್ಟರಲ್ಲಿ ಆಯ್ಕೆಗಾರರು ಧಾವಿಸಿ ಬಂದರು.

"ಛೆ ಛೆ! ತನ್ನ ಬ್ಯಾಟೇ ಹೋದ್ಮೇಲೆ ಪಾಪ ಅಕ್ಕ ಏನಾಡ್ತಾಳೆ? ಇವರ ಪಂದ್ಯ ನಾನು ಒಂದೂ ಬಿಟ್ಟಿಲ್ಲ. ಇವಳಿಗೆ ಬೇರೆ ಬ್ಯಾಟು ಒಗ್ಗಲ್ಲ. ನಮ್ಮ ಹುಡುಗೀನ ಇಳಿಸಿಬಿಡಿ."

ಅಕ್ಕ ಏನೋ ಹೇಳಲು ಬಾಯಿ ತೆರೆದಳು. ನನ್ನ ಹೆಂಡತಿ ಅವಳ ಕೈ ಅದುಮಿ, ಎಲ್ಲರನ್ನೂ ಆಟದ ಮೇಜಿನ ಸುತ್ತ ಕೂರಿಸಿದಳು.

"ಸೀಳಿರೋ ಬ್ಯಾಟು ತಮ್ಮನದು," ಎಂದಳು.

ನನ್ನ ಕೈಯಿಂದ ಚೀಲ ಜಾರಿತು.

"ಈ ಜೋಡೀಲಿ ಬಾರಿಸೋಳು ಅಕ್ಕ. ದಿನವಿಡೀ ಇಸ್ತ್ರಿ ಪೆಟ್ಟಿಗೆ ಎತ್ತೋ ಕೈ ಅದು. ತಮ್ಮನೋ, ಗಡಿಯಾರದ ಮುಂದೆ ಕೂತ ಹಾಗೆ ತಾಳ್ಮೆಯಿಂದ ತಡೀತಾನೆ. ಅವನ ಜಾಗದ ಮೇಲೆ ಯಾರ ಕಣ್ಣೂ ಇಲ್ಲ. ಅಂದ್ಮೇಲೆ ಕೆಡಿಸೋಕೆ ಬಂದಿದ್ದು ಅಕ್ಕನ ಬ್ಯಾಟನ್ನ, ಕೆಟ್ಟಿದ್ದು ತಮ್ಮಂದು. ಗಂಡಸು ಬಾರಿಸ್ತಾನೆ, ಹೆಂಗಸು ತಡೀತಾಳೆ ಅಂತ ನೋಡದೇನೇ ನಂಬಿದೋರು ಮಾಡೋ ತಪ್ಪಿದು. ಕೋಚ್ ಇವರನ್ನ ದಿನಾ ಆಡಿಸ್ತಾರೆ. ಈ ಹುಡುಗಿ ಅಕ್ಕನ ಏಟು ತಡೆದೂ ತಡೆದೂ ಸುಸ್ತಾಗಿದಾಳೆ. ಇನ್ನು ಉಳಿದೋರು ನೀವು, ಸಾರ್. ಒಂದು ಪಂದ್ಯಾನೂ ಬಿಡದೆ ನೋಡಿದೋರು 'ಅಕ್ಕನ ಬ್ಯಾಟು' ಅಂದ್ರಲ್ಲ?"

"ಬಾಯ್ತಪ್ಪಿ ಬಂತು," ಎಂದು ಆಯ್ಕೆಗಾರರು ತೊದಲಿದರು.

"ಆಗಲಿ. ಮಗಳೇ, ನೀನು ಆಡೋಕೆ ಸಿದ್ಧವಾಗಿ ಬಂದಿದೀಯ. ಯಾರು ಹೇಳಿದ್ರು?"

"ಮಾವ. ಮಧ್ಯಾಹ್ನವೇ ಫೋನ್ ಮಾಡಿದ್ರು," ಎಂದಳು ಹುಡುಗಿ. "ಯಾಕೆ ಅಂತ ಹೇಳ್ಲಿಲ್ಲ."

"ಬ್ಯಾಟು ಹಾಳಾಗಿದ್ದು ನಮಗೆ ಗೊತ್ತಾಗಿದ್ದು ಸಂಜೆ."

ಆಯ್ಕೆಗಾರರ ಮುಖ ಬಿಳಿಚಿಕೊಂಡಿತು. ಮೆಲ್ಲಗೆ ಎದ್ದು ಬಾಗಿಲತ್ತ ನಡೆದರು.

"ಕೂತ್ಕೊಳ್ಳಿ," ಎಂದಳು ನನ್ನ ಹೆಂಡತಿ. "ದೂರು ಆಮೇಲೆ ಕೊಡ್ತೀನಿ. ಮೊದಲು ಪಂದ್ಯ ನೋಡಿ."

ಕೋಚಿನ ಹಳೆಯ ಬ್ಯಾಟು ಹಿಡಿದು ತಮ್ಮ ಆಡಿದ. ಒಂದೆರಡು ಚೆಂಡು ಸೂರಿಗೆ ಹಾರಿಸಿದರೂ ಹೇಗೋ ತಡೆದ. ಅವನು ತಡೆದುಕೊಟ್ಟಾಗೆಲ್ಲ ಅಕ್ಕ ಬಾರಿಸಿದಳು. ಆಯ್ಕೆಗಾರರು ಮೊದಲ ಸಲ ಅವರ ಆಟವನ್ನು ಪೂರ್ತಿ ನೋಡಿದರು. ಅಕ್ಕ ಗೆದ್ದು ಅತ್ತಳು. ಕೊನೆಯ ಏಟಿಗೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ್ದು, ಬೂಟಿನ ಲಾಡಿ ಬಿಚ್ಚಿಕೊಂಡು ಕೂತಿದ್ದ ಆ ತಂಗಿಯ ಮಗಳು.